ತೊಳೆಯದೆ ಬಿಟ್ಟ ಅಂಗೈಯಗಲ ಜಾಗ

“ಹಾಗಾದ್ರೆ ಇಷ್ಟು ದಿನ ನಾನು ತೊಳೆದದ್ದು ಏನನ್ನ?”

ಕೇಳಿದ್ದು ಯಾರನ್ನೂ ಅಲ್ಲ. ಬೆಳಗಿನ ಐದೂ ಮುಕ್ಕಾಲು. ಹನ್ನೊಂದನೇ ನಂಬರಿನ ಮನೆಯ ಹಿತ್ತಿಲಲ್ಲಿ, ನಲ್ಲಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತ ಗೋಡೆಯಕ್ಕ, ಮೂಗು ತಾಗುವಷ್ಟು ಹತ್ತಿರ ಮುಖ ಒಯ್ದು, ಟಾರ್ಚು ಬಿಟ್ಟುಕೊಂಡು ಗೋಡೆ ನೋಡುತ್ತಿದ್ದಾರೆ. ಬೆಳಕು ಬಿದ್ದಲ್ಲಿ ಅಂಗೈಯಗಲದ ಒಂದು ಚೌಕ. ಧೂಳು ಕೂತ ಬೂದುಬಣ್ಣ, ಆದರೆ ಒಣಗಿದೆ, ನುಣುಪಾಗಿದೆ. ಅದರ ಸುತ್ತ, ನೆಲದಿಂದ ಕಿಟಕಿಯ ಸಜ್ಜದ ತನಕ, ಗೋಡೆಯೆಲ್ಲ ಹಸಿರು. ಬೆರಳಿಟ್ಟರೆ ಜಾರುವಂಥ ಹಸಿರು.

ಆ ಬೂದು ಚೌಕಕ್ಕೆ, ಆರು ವರ್ಷದ ಹಿಂದೆ ಗೋಡೆಗೆ ಬಣ್ಣ ಹೊಡೆಸಿದಾಗಿನಿಂದ, ಒಂದು ಹನಿ ಸೋಪಿನ ನೀರು ಬಿದ್ದಿಲ್ಲ. ಬೇಕೆಂದೇ ಬಿಟ್ಟ ಜಾಗ ಅದು. ಪಾಚಿ ಕಟ್ಟಿರುವುದು ಹದಿನೈದು ದಿನದ ಹಿಂದೆ ಉಜ್ಜಿ ಉಜ್ಜಿ ತೊಳೆದ ಗೋಡೆಗೆ. ಗೋಡೆಯಕ್ಕ ಟಾರ್ಚು ಆರಿಸುತ್ತಾರೆ, ಮತ್ತೆ ಹಚ್ಚುತ್ತಾರೆ. ಎರಡನೇ ಸಲ ನೋಡಿದರೆ ಬೇರೆ ಥರ ಕಂಡೀತು ಎಂಬ ಆಸೆ ಇರಬೇಕು. ಕಾಣುವುದಿಲ್ಲ.

ನಾನು ಅವರ ಬೆನ್ನು ಹತ್ತಿದ್ದು ಬೇರೊಂದು ಪ್ರಶ್ನೆ ಹಿಡಿದುಕೊಂಡು. ನಮ್ಮ ಪತ್ರಿಕೆಯ ಪುರವಣಿಗೆ ಓದುಗರೊಬ್ಬರು ಕಾಗದ ಬರೆದಿದ್ದರು: ನಮ್ಮಂಥ ತೇವದ ಊರಿನಲ್ಲಿ ಮನೆಯ ಹೊರಗೋಡೆಯನ್ನು ಎಷ್ಟು ದಿನಕ್ಕೊಮ್ಮೆ ತೊಳೆಸಬೇಕು? ಸಣ್ಣ ಪ್ರಶ್ನೆ. ಒಂದು ಅಂಕಿ ಸಿಕ್ಕರೆ ಮುಗಿಯಿತು. ಗೋಡೆ ತೊಳೆಯುವುದನ್ನೇ ಬದುಕು ಮಾಡಿಕೊಂಡವರು ಒಬ್ಬರಿದ್ದಾರೆ, ಅವರನ್ನೇ ಕೇಳಿ ಎಂದು ಬಣ್ಣದಂಗಡಿಯವನು ದಾರಿ ತೋರಿಸಿದ. ಈಗ ನಾಲ್ಕು ಬೆಳಗು ಅವರ ಹಿಂದೆ ತಿರುಗಿದ್ದಾಯಿತು. ಅಂಕಿ ಸಿಕ್ಕಿಲ್ಲ. ಮೊದಲೇ ಇದ್ದ ಅಷ್ಟಿಷ್ಟು ತಿಳಿವಳಿಕೆಯೂ ಕಲಸಿಹೋಗಿದೆ.

ಗೋಡೆಯಕ್ಕ ಎನ್ನುವುದು ಬೀದಿಯ ಜನ ಇಟ್ಟ ಹೆಸರು. ವಯಸ್ಸು ನಲವತ್ತೇಳು. ತೆಳ್ಳಗಿನ ಮೈ, ಎಡಭುಜ ಬಲಕ್ಕಿಂತ ಒಂದಿಷ್ಟು ಕೆಳಗೆ. ತಲೆಗೆ ಬಿಗಿಯಾಗಿ ಕಟ್ಟಿದ ಟವಲು, ಮೊಣಕಾಲಿನವರೆಗೆ ಮಡಚಿದ ಗಂಡನ ಹಳೇ ಪ್ಯಾಂಟು. ಹದಿಮೂರು ಮೆಟ್ಟಿಲ ಏಣಿ, ನಾಲ್ಕು ಬಕೆಟ್ಟು, ಐದು ಬ್ರಶ್ಶು, ಬ್ಲೀಚಿಂಗ್ ಪುಡಿಯ ಡಬ್ಬ, ಒಂದು ಚೊಂಬು. ಇಷ್ಟನ್ನೂ ತಳ್ಳುಗಾಡಿಯಲ್ಲಿ ಹೇರಿಕೊಂಡು ಬೆಳಕು ಹರಿಯುವ ಮುಂಚೆ ಬೀದಿಗೆ ಬರುತ್ತಾರೆ. ಬಿಸಿಲು ಬಿದ್ದ ಗೋಡೆಗೆ ಸೋಪು ಹಚ್ಚಿದರೆ ತೊಳೆಯುವ ಮೊದಲೇ ಒಣಗಿ ಬಿಳಿ ಚಕ್ಕೆ ಕೂರುತ್ತದೆ. ಹಾಗಾಗಿ ಈ ಕೆಲಸಕ್ಕೆ ಹೊತ್ತೆಂದರೆ ಬೆಳಗಿನ ಹೊತ್ತು.

ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ಬರೀ ನೀರಿನಲ್ಲಿ ಗೋಡೆಯನ್ನು ನೆನೆಸುವುದು. ಆಮೇಲೆ ಸೋಪಿನ ನೀರನ್ನು ಕೆಳಗಿನಿಂದ ಮೇಲಕ್ಕೆ ಹಚ್ಚಿಕೊಂಡು ಹೋಗುವುದು. ಕೊನೆಗೆ ಮೇಲಿನಿಂದ ಕೆಳಕ್ಕೆ ತೊಳೆದು ಬಿಡುವುದು. “ಮೇಲಿಂದ ಸೋಪು ಹಚ್ಚಿದ್ರೆ ಕೊಳೆ ನೀರು ಒಣಗಿದ ಗೋಡೆ ಮೇಲೆ ಇಳಿದು ಗೆರೆ ಬೀಳತ್ತೆ. ಆ ಗೆರೆ ಏನು ಮಾಡಿದ್ರೂ ಹೋಗಲ್ಲ. ಹೊಸಬರೆಲ್ಲ ಮಾಡೋ ತಪ್ಪು ಅದು. ನಾನೂ ಮಾಡಿದ್ದೆ. ಆರನೇ ಮನೆಯವರು ಆರು ತಿಂಗಳು ನನ್ನ ಹತ್ರ ಮಾತಾಡಿರಲಿಲ್ಲ” ಎನ್ನುತ್ತಾರೆ.

ಒಂದು ಮನೆಗೆ ನಲವತ್ತರಿಂದ ಐವತ್ತು ಬಕೆಟ್ಟು ನೀರು. ಏಣಿಯನ್ನು ಹದಿನೆಂಟು ಸಲ ಸರಿಸಬೇಕು, ಅಷ್ಟೇ ಸಲ ಹತ್ತಿ ಇಳಿಯಬೇಕು. ಬ್ರಶ್ಶಿನ ಸದ್ದನ್ನು ಕಣ್ಣು ಮುಚ್ಚಿ ಕೇಳಿದರೆ ಅದಕ್ಕೊಂದು ಲಯವಿದೆ. ಮೂರು ಉದ್ದ ಎಳೆತ, ಎರಡು ಗಿಡ್ಡ, ನಡುವೆ ಒಂದು ನಿಲುವು. ಪದ್ಯ ಓದುವವರು ಸಾಲಿನ ಕೊನೆಯಲ್ಲಿ ಉಸಿರು ತೆಗೆದುಕೊಳ್ಳುತ್ತಾರಲ್ಲ, ಅದೇ ಜಾಗದಲ್ಲಿ ಇವರೂ ಬ್ರಶ್ಶನ್ನು ಬಕೆಟ್ಟಿಗೆ ಅದ್ದುತ್ತಾರೆ. ಹತ್ತೊಂಬತ್ತು ವರ್ಷದಿಂದ ಈ ಒಂದೇ ಬೀದಿಯ ಹದಿನಾರು ಮನೆಗಳು ಈ ಲಯಕ್ಕೆ ನೆನೆಯುತ್ತ ಬಂದಿವೆ.

ಎಷ್ಟು ದಿನಕ್ಕೊಮ್ಮೆ ಎಂದು ನಾನು ಮೊದಲ ಬೆಳಗೇ ಕೇಳಿದೆ. “ಯಾವ ಮನೆ?” ಎಂದರು. ಯಾವುದಾದರೂ ಒಂದು ಎಂದೆ. “ಯಾವ ಗೋಡೆ?” ಎಂದರು.

ಮೂರನೇ ಮನೆಗೆ ವರ್ಷಕ್ಕೊಮ್ಮೆ ಸಾಕು, ಸುತ್ತ ಮರವಿಲ್ಲ, ಗಾಳಿ ಆಡುತ್ತದೆ. ಅದಕ್ಕೆ ಅಂಟಿಕೊಂಡೇ ಇರುವ ನಾಲ್ಕನೆಯದಕ್ಕೆ ಐದು ತಿಂಗಳಿಗೇ ಬೇಕು, ಮಳೆನೀರಿನ ಪೈಪು ಸೀಳಿದೆ, ಮನೆಯವರು ಇವತ್ತು ನಾಳೆ ಎನ್ನುತ್ತ ಮೂರು ವರ್ಷ ಕಳೆದಿದ್ದಾರೆ. ಏಳನೇ ಮನೆಯ ಮುಂಗೋಡೆ ಎರಡು ವರ್ಷವಾದರೂ ಜಗ್ಗುವುದಿಲ್ಲ, ಅದೇ ಮನೆಯ ಹಿಂಗೋಡೆ ಮೂರೇ ತಿಂಗಳಿಗೆ ಕಪ್ಪಾಗುತ್ತದೆ. ಹದಿಮೂರನೆಯದು ಬಿಸಿಲಿಗೆ ಮುಖ ಮಾಡಿ ನಿಂತಿದೆ, ಆದರೂ ಪಾಚಿ. ಯಾಕೆ? “ಗೊತ್ತಿಲ್ಲ” ಎನ್ನುತ್ತಾರೆ ಗೋಡೆಯಕ್ಕ. ಈ ಉತ್ತರ ಕೊಡುವಾಗ ಅವರಿಗೆ ಸಂಕೋಚವಿಲ್ಲ. ಬರೆದುಕೊಳ್ಳುವ ನನಗೇ ಮುಜುಗರ.

ಬೀದಿಯ ಗಾಳಿಯನ್ನು ಹಿಡಿದು ಹಿಂಡಿದರೆ ಒಂದು ಲೋಟ ನೀರು ಸಿಕ್ಕೀತು. ಒಗೆದ ಬಟ್ಟೆ ಮೂರು ದಿನ ತಂತಿಯ ಮೇಲಿದ್ದರೂ ಕಂಕುಳ ಜಾಗ ಒಣಗಿರುವುದಿಲ್ಲ. ಚಪ್ಪಲಿ ಒಂದು ವಾರ ಹಾಕದಿದ್ದರೆ ಬೂಷ್ಟು ಹಿಡಿಯುತ್ತದೆ. ಇಂಥ ಊರಿನಲ್ಲಿ ಪಾಚಿ ಬರುವುದು ಆಶ್ಚರ್ಯವಲ್ಲ, ಬಾರದಿರುವುದೇ ಆಶ್ಚರ್ಯ. ಹಾಗಿದ್ದೂ ಗೋಡೆಯಕ್ಕ ಹತ್ತೊಂಬತ್ತು ವರ್ಷ ಎಡವದೆ ಬಂದಿದ್ದರೆ ಅದಕ್ಕೆ ಕಾರಣ ಆ ಅಂಗೈಯಗಲ ಜಾಗ.

ಅದನ್ನವರು ‘ಸಾಕ್ಷಿ’ ಎನ್ನುತ್ತಾರೆ. ಹದಿನಾರು ಮನೆಯಲ್ಲೂ ಇದೆ. ಮೀಟರ್ ಡಬ್ಬದ ಕೆಳಗೋ, ನಲ್ಲಿಯ ಹಿಂದೋ, ಮನೆಯವರ ಕಣ್ಣಿಗೆ ಬೀಳದ ಕಡೆ, ಅಂಗೈ ಒತ್ತಿ ಅಳತೆ ನೋಡಿ, ಅಷ್ಟನ್ನು ಮಾತ್ರ ತೊಳೆಯದೆ ಬಿಡುತ್ತಾರೆ. ತೊಳೆದ ಹೊಸತರಲ್ಲಿ ಆ ಚೌಕ ಬಿಳಿ ಅಂಗಿಯ ಮೇಲಿನ ಕಲೆಯ ಹಾಗೆ ಎದ್ದು ಕಾಣುತ್ತದೆ. ದಿನ ಕಳೆದಂತೆ ಗೋಡೆಯೂ ಮಾಸುತ್ತ ಚೌಕದ ಅಂಚು ಮಬ್ಬಾಗುತ್ತದೆ. ಒಂದು ದಿನ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. “ಹುಡುಕಿದ್ರೂ ಸಾಕ್ಷಿ ಸಿಗಲಿಲ್ಲ ಅಂದ್ರೆ ಆವತ್ತು ತೊಳೀಬೇಕು. ಕಾಣ್ತಾ ಇದೆ ಅಂದ್ರೆ ಇನ್ನೂ ತಡೀಬೇಕು. ಇಷ್ಟೇ. ಕ್ಯಾಲೆಂಡರ್ ನೋಡಿ ಗೋಡೆ ತೊಳೆಯೋಕಾಗಲ್ಲ.”

ಹೇಳಿಕೊಟ್ಟವರು ಅತ್ತೆ. ಗೋಡೆಯಕ್ಕ ಸೊಸೆಯಾಗಿ ಬಂದಾಗ ಅತ್ತೆಯ ಕೈಯಲ್ಲಿ ಇದೇ ಏಣಿಯಿತ್ತು. ಗಂಡ ಬಸ್ ಡಿಪೋದಲ್ಲಿ ಬಸ್ಸು ತೊಳೆಯುತ್ತಾರೆ. “ಗಂಡ ತೊಳೆಯೋರು, ಅತ್ತೆ ತೊಳೆಯೋರು, ನಾನೂ ತೊಳೆಯೋಳು. ನಮ್ಮನೆ ಗೋಡೆ ನೋಡಬೇಕು ನೀವು. ಅದರ ಸಾಕ್ಷಿ ಹುಡುಕೋಕೆ ಪೊಲೀಸರೇ ಬರಬೇಕು” ಎಂದು ನಗುತ್ತಾರೆ. ಮಂಡಿ ಹಿಡಿದುಕೊಂಡ ಮೇಲೆ ಅತ್ತೆ ಏಣಿ ಬಿಟ್ಟರು. ಬಾಯಿ ಮಾತ್ರ ನಿಲ್ಲಲಿಲ್ಲ. ದಿನಾ ಮಧ್ಯಾಹ್ನ ಸೊಸೆ ಮನೆಗೆ ಬಂದೊಡನೆ ಯಾವ ಮನೆ, ಯಾವ ಗೋಡೆ, ಎಷ್ಟು ಬಕೆಟ್ಟು ಎಂದು ವಿಚಾರಣೆ ನಡೆಯುತ್ತದೆ.

ಎಡಭುಜ ಇಳಿದದ್ದು ಒಂಬತ್ತನೇ ಮನೆಯ ಏಣಿಯಿಂದ ಬಿದ್ದಾಗ. ಸೋಪಿನ ನೀರು ಮೆಟ್ಟಿಲ ಮೇಲೆ ಇಳಿದಿತ್ತು, ಗೋಡೆ ನೋಡುತ್ತ ಕಾಲು ನೋಡಲಿಲ್ಲ. ಎರಡು ತಿಂಗಳು ಕೈ ಕೊರಳಿಗೆ ಕಟ್ಟಿಕೊಂಡು, ಬಲಗೈಯಲ್ಲೇ ಕಿಟಕಿಯ ಕೆಳಗಿನ ಗೋಡೆಗಳನ್ನಷ್ಟೇ ತೊಳೆದರಂತೆ. ಬ್ಲೀಚಿಂಗ್ ಪುಡಿ ಬೆರಳ ತುದಿಯ ಗೆರೆಗಳನ್ನು ತಿಂದುಹಾಕಿದೆ. ಬ್ಯಾಂಕಿನ ಯಂತ್ರ ಇವರ ಬೆರಳನ್ನು ಗುರುತು ಹಿಡಿಯುವುದಿಲ್ಲ. “ಬೆರಳು ಒತ್ತಿ ಅಂತಾಳೆ ಆ ಹುಡುಗಿ. ಒತ್ತಿದೆ. ಯಾರೂ ಇಲ್ಲ ಅಂತು ಯಂತ್ರ. ನಾನು ಮುಂದೇನೇ ನಿಂತಿದ್ದೀನಿ” ಎನ್ನುತ್ತಾರೆ.

ನಿಮಗೊಂದು ಆಸೆ ಅಂತ ಇದ್ದರೆ ಏನು ಎಂದು ಕೇಳುತ್ತೇನೆ. ಇಂಥ ಬರಹಗಳಲ್ಲಿ ಕೇಳಲೇಬೇಕಾದ ಪ್ರಶ್ನೆ. ಅವರು ಬ್ರಶ್ಶು ನಿಲ್ಲಿಸದೆ ಹೇಳುತ್ತಾರೆ: “ಬೀದೀಲಿ ಹೋಗೋರು ಯಾರೂ ಗೋಡೆ ನೋಡಬಾರದು. ಮನೆ ನೋಡಬೇಕು, ಕಿಟಕಿ ನೋಡಬೇಕು, ಹೂವಿನ ಕುಂಡ ನೋಡಬೇಕು. ಗೋಡೆ ನೋಡಿದ್ರು ಅಂದ್ರೆ ನನ್ನ ಕೆಲಸ ಬಾಕಿ ಇದೆ ಅಂತ.”

ಈಗ ಎಲ್ಲರೂ ಹನ್ನೊಂದನೇ ಮನೆಯ ಗೋಡೆಯನ್ನೇ ನೋಡುತ್ತಿದ್ದಾರೆ.

ಆ ಮನೆ ನರ್ಸಮ್ಮನದು. ದೊಡ್ಡ ಆಸ್ಪತ್ರೆಯಲ್ಲಿ ಮೂವತ್ತೆರಡು ವರ್ಷ ದುಡಿದು, ಹೆಡ್ ನರ್ಸ್ ಆಗಿ ನಿವೃತ್ತರಾದವರು. ಜೊತೆಗಿರುವವರು ಅವರ ಅಕ್ಕ, ಬೀದಿಗೆಲ್ಲ ದೊಡ್ಡಕ್ಕ. ಉಸಿರಾಟದ ತೊಂದರೆಯಿಂದ ಮಂಚ ಹಿಡಿದಿದ್ದಾರೆ. ಮಂಚ ಇರುವುದು ಹಿಂಗೋಡೆಗೆ ತಾಗಿಕೊಂಡ ಕೋಣೆಯಲ್ಲಿ, ಕಿಟಕಿಯ ಪಕ್ಕ. ಹೊರಗೆ ಬ್ರಶ್ಶಿನ ಸದ್ದು ಕೇಳಿತೆಂದರೆ ಒಳಗಿನಿಂದ ದೊಡ್ಡಕ್ಕನ ದನಿ ಬರುತ್ತದೆ. “ಬಂದ್ಯೇನೇ? ಹಾಗೇ ಕಿಟಕಿಯಿಂದ ಕೈ ಹಾಕಿ ನನ್ನನ್ನೂ ಒಂದು ಸಲ ಉಜ್ಜಿಬಿಡು. ತಂಗಿಗೆ ಸಮಾಧಾನ ಆಗಲಿ.”

ಹತ್ತೊಂಬತ್ತು ವರ್ಷದ ಹಿಂದೆ ಗೋಡೆಯಕ್ಕನಿಗೆ ಈ ಬೀದಿಯಲ್ಲಿ ಇದ್ದದ್ದು ಇದೊಂದೇ ಮನೆ. ಉಳಿದ ಹದಿನೈದನ್ನು ಹಿಡಿಸಿಕೊಟ್ಟವರು ನರ್ಸಮ್ಮ. ಮನೆಮನೆಗೆ ಹೋಗಿ, “ನನ್ನ ಗೋಡೆ ಬಂದು ನೋಡಿ, ಆಮೇಲೆ ಮಾತಾಡಿ” ಎಂದವರು. ಭುಜ ಮುರಿದಾಗ ಪಟ್ಟಿ ಬಿಗಿದವರೂ ಅವರೇ. ಅಂಥವರು ಎರಡು ವರ್ಷದ ಹಿಂದೆ, ಅಕ್ಕನ ಉಸಿರು ಕೆಡತೊಡಗಿದಾಗ, ಹಿಂಗೋಡೆಯನ್ನು ತಿಂಗಳಿಗೊಮ್ಮೆ ತೊಳಿ ಎಂದರು. ಗೋಡೆಯಲ್ಲಿ ಬೂಷ್ಟು ಇದ್ದರೆ ಎದೆಗೆ ಕೆಟ್ಟದು, ಒಂದು ಚುಕ್ಕಿಯೂ ಇರಕೂಡದು.

“ಸಾಕ್ಷಿ ಇನ್ನೂ ಕಾಣ್ತಾ ಇದೆ ಅಮ್ಮ, ಈಗ ಬೇಡ ಅಂದೆ. ನಿನ್ನ ಸಾಕ್ಷಿ ಕಟ್ಟಿಕೊಂಡು ನನಗೇನು, ಅಕ್ಕನ ಎದೆ ನೋಡು ಅಂದ್ರು. ನಾನು ಏನು ಹೇಳಲಿ? ತೊಳೆದೆ.”

ಮೊದಲು ಗೋಡೆ ಫಳಫಳ ಎಂದಿತು. ನಾಲ್ಕು ತಿಂಗಳು ಕಳೆದ ಮೇಲೆ ಪಾಚಿ ಮೊದಲಿಗಿಂತ ಬೇಗ ಮರಳತೊಡಗಿತು. ಇನ್ನಷ್ಟು ಗಟ್ಟಿಯಾಗಿ ಉಜ್ಜಿದರು, ಇನ್ನಷ್ಟು ಬೇಗ ಬಂತು. ತಿಂಗಳು ಹೋಗಿ ಇಪ್ಪತ್ತು ದಿನವಾಯಿತು, ಇಪ್ಪತ್ತು ಹೋಗಿ ಹದಿನೈದಾಯಿತು. ನರ್ಸಮ್ಮನ ದನಿ ಬಿರುಸಾಯಿತು. “ವಯಸ್ಸಾಯ್ತಾ ನಿನಗೆ? ಕೈ ಸೋತಿದ್ದರೆ ಹೇಳು” ಎಂದರು. ಆ ಮಾತು ಗೋಡೆಯಕ್ಕನಿಗೆ ಇಂದಿಗೂ ಚುಚ್ಚುತ್ತದೆ. ಅದನ್ನು ನನಗೆ ಎರಡು ಸಲ ಹೇಳಿದರು. ಎರಡನೇ ಸಲ ಹೇಳುವಾಗ, ಮೊದಲು ಹೇಳಿದ್ದು ನೆನಪಿರಲಿಲ್ಲ.

ಅವರು ಎಲ್ಲವನ್ನೂ ಅನುಮಾನಿಸಿದ್ದಾರೆ. ಪುಡಿ ಹಳತಾಗಿದೆಯೇನೋ ಎಂದು ಹೊಸ ಡಬ್ಬ ತಂದರು. ಆ ಮನೆಯ ನೀರು ಸರಿಯಿಲ್ಲವೇನೋ ಎಂದು ಮೂರನೇ ಮನೆಯಿಂದ ನಲವತ್ತು ಬಕೆಟ್ಟು ಹೊತ್ತರು. ಬೇರೆ ಮನೆಯ ಪಾಚಿ ಬ್ರಶ್ಶಿನಲ್ಲಿ ಕೂತು ಇಲ್ಲಿಗೆ ಬರುತ್ತಿದೆಯೇನೋ ಎಂದು ಬ್ರಶ್ಶುಗಳನ್ನು ಬಿಸಿನೀರಿನಲ್ಲಿ ಅದ್ದಿಟ್ಟರು. ಒಂದು ದಿನ ತನ್ನ ಕೈಯನ್ನೇ ಮೂಸಿ ನೋಡಿಕೊಂಡರಂತೆ. ಯಾವುದರಿಂದಲೂ ಏನೂ ಆಗಲಿಲ್ಲ. ಈ ನಡುವೆ ನಲ್ಲಿಯ ಹಿಂದಿನ ಸಾಕ್ಷಿಯತ್ತ ಬಗ್ಗಿ ನೋಡುವುದೇ ಬಿಟ್ಟುಹೋಗಿತ್ತು. ಕೈ ಅಭ್ಯಾಸದಿಂದ ಆ ಜಾಗವನ್ನು ಬಿಟ್ಟು ಉಜ್ಜುತ್ತಿತ್ತು, ಅಷ್ಟೇ. ಕಣ್ಣೆದುರಿಗೇ ಗೋಡೆ ಹಸಿರಾಗಿರುವಾಗ ಸಾಕ್ಷಿ ಕೇಳುವವರು ಯಾರು? ಎರಡು ವರ್ಷವಾದ ಮೇಲೆ ಬಗ್ಗಿ ನೋಡಿದ್ದು ನಾನಿದ್ದ ಆ ಬೆಳಗು.

ನೋಡಿದ ಮೇಲೆ ಅವರು ಏಣಿ ಹತ್ತಲಿಲ್ಲ. ಹಿತ್ತಿಲ ಕಟ್ಟೆಯ ಮೇಲೆ ಕೂತುಬಿಟ್ಟರು. “ಸಾಕ್ಷಿ ಕಾಣ್ತಾ ಇದೆ, ಅಂದ್ರೆ ತೊಳೀಬಾರದು. ಗೋಡೆ ಪಾಚಿ ಕಟ್ಟಿದೆ, ಅಂದ್ರೆ ತೊಳೀಬೇಕು. ಎರಡರಲ್ಲಿ ಯಾವುದನ್ನ ನಂಬಲಿ? ಅತ್ತೆ ಇದನ್ನ ಹೇಳಿಕೊಟ್ಟಿಲ್ಲ” ಎಂದರು. ನನ್ನ ಮುಖ ನೋಡಿದರು. ನಾನು ಟಿಪ್ಪಣಿ ಪುಸ್ತಕ ನೋಡಿಕೊಂಡೆ. ಅದರಲ್ಲಿ ಮೂರನೇ ಮನೆಗೆ ವರ್ಷ, ನಾಲ್ಕನೆಯದಕ್ಕೆ ಐದು ತಿಂಗಳು ಎಂದೆಲ್ಲ ಬರೆದಿತ್ತು.

ಯೋಚಿಸುತ್ತ ಕೂರಲು ಹೊತ್ತೂ ಇರಲಿಲ್ಲ. ಬರುವ ಭಾನುವಾರ ಬೀದಿಯವರ ಸಭೆ. ಯಂತ್ರದಿಂದ ಗೋಡೆ ತೊಳೆಯುವ ಕಂಪನಿಯೊಂದು ಹದಿನಾರು ಮನೆಯ ಕೆಲಸವನ್ನೂ ಒಟ್ಟಿಗೆ ಕೇಳಿಕೊಂಡು ಬಂದಿದೆ. ನಾಲ್ಕು ತಿಂಗಳಿಗೊಮ್ಮೆ, ತಾರೀಖು ಮೊದಲೇ ಗೊತ್ತು, ಏಣಿಯಿಲ್ಲ, ಬ್ರಶ್ಶಿಲ್ಲ. ಹನ್ನೊಂದನೇ ಮನೆಯ ಹಸಿರು ಗೋಡೆ ನೋಡಿದವರಿಗೆ ಆ ಮಾತು ಸರಿಯೆನ್ನಿಸಿದೆ. ಸಭೆ ನಡೆಯುವುದು ನರ್ಸಮ್ಮನ ಹಿತ್ತಿಲ ಜಗಲಿಯಲ್ಲಿ, ಇದೇ ಗೋಡೆಯ ಎದುರು, ಹದಿನಾರು ಮನೆಯವರೂ ಕುರ್ಚಿ ಹಾಕಿಕೊಂಡು. ಅಲ್ಲಿ ನರ್ಸಮ್ಮ ಬಾಯಿ ತೆರೆದರೆ ಉಳಿದವರು ಎದುರಾಡುವುದಿಲ್ಲ. ಹದಿನಾರು ಮನೆ ಕೈಬಿಟ್ಟರೆ ಗೋಡೆಯಕ್ಕನಿಗೆ ಹದಿನೇಳನೆಯದೊಂದು ಇಲ್ಲ.

ಮರುದಿನ ಅವರು ಅತ್ತೆಯನ್ನು ಕರೆತಂದರು. ತಳ್ಳುಗಾಡಿಯಲ್ಲಿ, ಬಕೆಟ್ಟುಗಳ ನಡುವೆ ಗೋಣಿ ಹಾಸಿ, ಏಣಿಗೆ ಒರಗಿಸಿ ಕೂರಿಸಿಕೊಂಡು. ಎಂಟು ವರ್ಷದ ಮೇಲೆ ಬೀದಿಗೆ ಬಂದ ಅತ್ತೆ ದಾರಿಯುದ್ದಕ್ಕೂ ಒಂದೊಂದು ಮನೆಗೂ ತೀರ್ಪು ಕೊಡುತ್ತ ಬಂದರು. “ಇದರ ಸಜ್ಜ ಬಿಟ್ಟಿದ್ದೀಯ. ಇದು ಪರವಾಗಿಲ್ಲ. ಇದ್ಯಾರು ಈ ಬಣ್ಣ ಹೊಡೆಸಿದ್ದು, ಕಣ್ಣಿಲ್ವಾ ಅವರಿಗೆ?”

ಹನ್ನೊಂದನೇ ಮನೆಯ ಹಿತ್ತಿಲಲ್ಲಿ ಅವರನ್ನು ಇಳಿಸಿದ್ದಾಯಿತು. ಗೋಡೆಯನ್ನು ನೋಡಿದರು, ಸಾಕ್ಷಿಯನ್ನು ನೋಡಿದರು. “ಚೊಂಬಲ್ಲಿ ನೀರು ಕೊಡು” ಎಂದರು. ನೀರನ್ನು ಸಾಕ್ಷಿಯ ಮೇಲೆ ಸಣ್ಣಗೆ ಸುರಿದರು. ನೀರು ಮಣಿಮಣಿಯಾಗಿ ಸರ್ರನೆ ಇಳಿದು ನೆಲ ಸೇರಿತು. ಮಿಕ್ಕ ಅರ್ಧವನ್ನು ಪಕ್ಕದ ಹಸಿರು ಗೋಡೆಯ ಮೇಲೆ ಸುರಿದರು. ನಾವೆಲ್ಲ ನೆಲ ನೋಡುತ್ತ ನಿಂತೆವು. ನೆಲಕ್ಕೆ ಬಂದದ್ದು ನಾಲ್ಕೇ ಹನಿ.

“ಕುಡೀತಾ ಇದೆ ಕಣೇ” ಎಂದರು ಅತ್ತೆ.

ಹೆಬ್ಬೆರಳ ಉಗುರಿನಿಂದ ಪಾಚಿಯನ್ನು ಕೆರೆದರು. ಪಾಚಿಯ ಕೆಳಗೆ ಬಣ್ಣವಿರಲಿಲ್ಲ. ಗಾರೆಯ ಮರಳು ಉದುರಿತು. “ಯಾವ ಬ್ರಶ್ ಹಾಕಿದೆ?”

“ನಾರಿಂದು.”

“ಯಾವುದು ಅಂತ ಕೇಳಿದೆ.”

ಗೋಡೆಯಕ್ಕ ತಳ್ಳುಗಾಡಿಯಲ್ಲಿದ್ದ ಬ್ರಶ್ಶುಗಳತ್ತ ನೋಡಿದರು. “ಮೊದಲು ನಾರಿಂದು. ಕೈ ಸೋತಿದೆಯಾ ಅಂತ ನರ್ಸಮ್ಮ ಕೇಳಿದ್ರು ಅತ್ತೆ. ಆಮೇಲೆ ತಂತಿಂದು ಹಾಕಿದೆ.”

ತಂತಿ ಬ್ರಶ್ಶು ಇರುವುದು ಕಬ್ಬಿಣದ ಗೇಟಿನ ತುಕ್ಕು ತೆಗೆಯುವುದಕ್ಕೆ. ಗೋಡೆಗೆ ಅದನ್ನು ಮುಟ್ಟಿಸಬಾರದು ಎನ್ನುವುದು ಈ ಕೆಲಸದ ಮೊದಲ ಪಾಠ. ಅತ್ತೆ ಬಯ್ಯುತ್ತಾರೆ ಎಂದು ನಾನು ಕಾದೆ. ಬಯ್ಯಲಿಲ್ಲ. “ಮುಖ ತೊಳಿ ಅಂದ್ರೆ ಚರ್ಮ ತೆಗೆದಿದ್ದೀಯ” ಎಂದು ಮೆಲ್ಲಗೆ ಹೇಳಿ, ಸೊಸೆಯ ಗೆರೆಯಿಲ್ಲದ ಬೆರಳುಗಳನ್ನು ಹಿಡಿದು ತಿರುಗಿಸಿ ನೋಡಿ, ಬಿಟ್ಟರು.

ಕಿಟಕಿಯ ಒಳಗಿನಿಂದ ದೊಡ್ಡಕ್ಕನ ದನಿ ಬಂತು. “ಯಾರದು, ಹಳೇ ಗೋಡೆಯಮ್ಮನಾ? ಇನ್ನೂ ಇದ್ದೀಯಾ ನೀನು?”

“ನೀವಿರೋವಾಗ ನಾನೆಲ್ಲಿ ಹೋಗಲಿ?” ಎಂದರು ಅತ್ತೆ. “ಒಳಗೆ ಗೋಡೆ ಹೇಗಿದೆ ದೊಡ್ಡಕ್ಕ? ಕೈ ಇಟ್ಟು ನೋಡಿ ಹೇಳಿ.”

ಒಳಗೆ ಮಂಚ ಕಿರುಗುಟ್ಟಿತು. “ತಣ್ಣಗಿದೆ. ರಾತ್ರಿ ಬೆನ್ನಿಗೆ ಚೆನ್ನಾಗಿರತ್ತೆ.” ಆಮೇಲೆ, “ಒದ್ದೆ ಇದೆಯಲ್ಲೇ” ಎಂದರು.

ಇಷ್ಟಾದರೂ ಗೊಂದಲ ತೀರಿತು ಎನ್ನಲಾರೆ. ನಾನು ಪೇಟೆಯಲ್ಲಿ ಇಬ್ಬರು ಮನೆ ಕಟ್ಟುವ ಮೇಸ್ತ್ರಿಗಳನ್ನು ಕೇಳಿದೆ. ಒಬ್ಬರು, ಮೇಲಿನ ಪದರ ಹೋದರೆ ಗಾರೆ ನೀರು ಹೀರುತ್ತದೆ, ಮುಟ್ಟದೆ ಬಿಡಿ, ಚೆನ್ನಾಗಿ ಒಣಗಿದ ಮೇಲೆ ಹೊಸದಾಗಿ ಗಾರೆ ಎಳೆಸಿ ಎಂದರು. ಇನ್ನೊಬ್ಬರು, ಪಾಚಿ ಇರುವಷ್ಟು ದಿನ ಗೋಡೆ ಒಣಗುವುದೇ ಇಲ್ಲ, ಮೊದಲು ತೊಳೆಯಿರಿ ಎಂದರು. ಇಬ್ಬರೂ ತಲೆ ನೆರೆತವರು. ಇಬ್ಬರೂ ತಮ್ಮ ಮಾತಿನಲ್ಲಿ ಗಟ್ಟಿ. ನಾನಿದನ್ನು ಗೋಡೆಯಕ್ಕನಿಗೆ ಒಪ್ಪಿಸಿದಾಗ ಅವರು, “ಅವರಿಬ್ಬರಲ್ಲಿ ಯಾರಾದರೂ ಆ ಗೋಡೆ ಮುಟ್ಟಿದ್ದಾರಾ?” ಎಂದು ಕೇಳಿದರು. ಇಲ್ಲ ಎಂದೆ. “ಮುಟ್ಟಿರೋಳು ನಾನೊಬ್ಬಳೇ. ನನಗೂ ಪೂರ್ತಿ ಗೊತ್ತಿಲ್ಲ” ಎಂದರು. ಆ ರಾತ್ರಿ ಅವರು ನಿದ್ದೆ ಮಾಡಿದರೋ ಇಲ್ಲವೋ ತಿಳಿಯದು. ಬೆಳಗ್ಗೆ ಕಣ್ಣು ಕೆಂಪಾಗಿತ್ತು. ಪುಡಿಯ ಘಾಟು ಎಂದರು.

ಅದು ಶನಿವಾರ. ಆರು ಗಂಟೆಗೆ ಮೊದಲೇ ಹನ್ನೊಂದನೇ ಮನೆಯ ಹಿತ್ತಿಲಲ್ಲಿ ತಳ್ಳುಗಾಡಿ ನಿಂತಿದೆ. ಏಣಿ ಇಳಿದಿಲ್ಲ. ನಾಲ್ಕು ಬಕೆಟ್ಟೂ ಒಂದರೊಳಗೊಂದು ಸೇರಿಕೊಂಡೇ ಇವೆ. ನರ್ಸಮ್ಮ ಬಾಗಿಲು ತೆಗೆದು ಜಗಲಿಗೆ ಬರುತ್ತಾರೆ. ಇಸ್ತ್ರಿ ಹಾಕಿದ ಹತ್ತಿ ಸೀರೆ, ಬಾಚಿ ಬಿಗಿದ ಕೂದಲು, ಎದೆಯ ಮೇಲೆ ನರ್ಸುಗಳ ಹಾಗೆ ತಲೆಕೆಳಗಾಗಿ ಪಿನ್ನು ಹಾಕಿದ ಪುಟ್ಟ ಗಡಿಯಾರ. ಆಸ್ಪತ್ರೆ ಬಿಟ್ಟು ಹನ್ನೆರಡು ವರ್ಷವಾದರೂ ಗಡಿಯಾರ ಬಿಟ್ಟಿಲ್ಲ.

“ಇನ್ನೂ ನೀರು ಹಿಡಿದಿಲ್ವಾ? ನಾಳೆ ಹತ್ತಕ್ಕೆ ಎಲ್ಲ ಬರ್ತಾರೆ” ಎನ್ನುತ್ತಾರೆ.

ಗೋಡೆಯಕ್ಕ ಅವರನ್ನು ನಲ್ಲಿಯ ಬಳಿಗೆ ಕರೆಯುತ್ತಾರೆ. ಅತ್ತೆ ಮಾಡಿದ್ದನ್ನೇ ಮಾಡಿ ತೋರಿಸುತ್ತಾರೆ. ಅರ್ಧ ಚೊಂಬು ಸಾಕ್ಷಿಗೆ, ಅರ್ಧ ಚೊಂಬು ಗೋಡೆಗೆ. ತಂತಿ ಬ್ರಶ್ಶು ಹಾಕಿದ್ದನ್ನು ಹೇಳುತ್ತಾರೆ, ಮುಚ್ಚಿಡುವುದಿಲ್ಲ. ತಪ್ಪು ನನ್ನದು ಎನ್ನುತ್ತಾರೆ. ಒಳಗೆ ನೀರು ಇಳಿದಿದೆ, ದೊಡ್ಡಕ್ಕನ ಮಂಚವನ್ನು ಇವತ್ತೇ ಆಚೆ ಗೋಡೆಗೆ ಸರಿಸಿ, ನಾನೇ ಒಂದು ಕಡೆ ಹಿಡೀತೀನಿ ಎನ್ನುತ್ತಾರೆ. ಈ ವರ್ಷ ಬಿಸಿಲು ಬರುವ ತನಕ ಈ ಗೋಡೆಗೆ ಯಾರೂ ನೀರು ಮುಟ್ಟಿಸಬಾರದು, ಯಂತ್ರದ ನೀರಂತೂ ಬೇಡವೇ ಬೇಡ. ಪಾಚಿ ಇರಲಿ. ಒಣಗಲಿ. ಆಮೇಲೆ ಗಾರೆಯವನನ್ನು ಕರೆಸಿ.

ನರ್ಸಮ್ಮ ಒಮ್ಮೆ ಗೋಡೆಗೆ ಅಂಗೈ ಇಟ್ಟು ನೋಡಿ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾರೆ. “ಒಣಗೋ ತನಕ ಅಕ್ಕನ ಪಕ್ಕದಲ್ಲಿ ಈ ಕೊಳೆ ಇರಬೇಕಾ?”

“ಆಸ್ಪತ್ರೇಲಿ ನನ್ನಂಥೋಳು ಯಾರಾದರೂ ಗಾಯವನ್ನ ದಿನಾ ಉಜ್ಜಿ ತೊಳೆದಿದ್ರೆ ನೀವು ಏನು ಮಾಡ್ತಿದ್ರಿ ಅಮ್ಮ?”

“ಗಾಯ ಬೇರೆ, ಗೋಡೆ ಬೇರೆ.”

“ನನಗೆ ಅಷ್ಟು ಗೊತ್ತಿಲ್ಲ.”

“ಕೈ ಮುರಿದು ಹಾಕ್ತಿದ್ದಳು” ಎನ್ನುತ್ತಾರೆ ಕಿಟಕಿಯೊಳಗಿನಿಂದ ದೊಡ್ಡಕ್ಕ.

“ನೀನು ಸುಮ್ಮನಿರಕ್ಕ” ಎನ್ನುತ್ತಾರೆ ನರ್ಸಮ್ಮ. ಆದರೆ ದನಿಯಲ್ಲಿ ಮೊದಲಿನ ಬಿರುಸಿಲ್ಲ. ಜಗಲಿಯ ಮೆಟ್ಟಿಲ ಮೇಲೆ ಕೂರುತ್ತಾರೆ, ಗಡಿಯಾರ ನೋಡಿಕೊಳ್ಳುತ್ತಾರೆ. ಬೀದಿಯಲ್ಲಿ ಹಾಲಿನವನ ಸೈಕಲ್ಲು ಹೋಗುತ್ತದೆ. ಗೋಡೆಯಕ್ಕ ನಿಂತೇ ಇದ್ದಾರೆ, ಖಾಲಿ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ಈ ಕ್ಷಣಕ್ಕೂ ಅವರಿಗೆ ತಾನು ಹೇಳಿದ್ದು ಸರಿಯೋ ತಪ್ಪೋ ಖಾತ್ರಿಯಿಲ್ಲ. ಚೊಂಬಿನೊಳಗೆ ಇಣುಕುವ ರೀತಿಯಲ್ಲೇ ಅದು ಕಾಣುತ್ತದೆ. ನನಗೂ ಇಲ್ಲ. ಒಣಗಿದ ಆ ಅಂಗೈಯಗಲ ಚೌಕವೊಂದೇ ನೆಟ್ಟಗೆ ನಿಂತಿರುವುದು.

“ನೋಡು” ಎನ್ನುತ್ತಾರೆ ನರ್ಸಮ್ಮ, ಈಗ ತೀರ ಮೆತ್ತಗೆ. “ನೀನು ಹೇಳೋದೆಲ್ಲ ನಿಜ ಅಂತಲೇ ಇಟ್ಟುಕೊಳ್ಳೋಣ. ನಾಳೆಯಿಂದ ಒಣಗಲಿ. ಆದ್ರೆ ಈ ಹಸಿರಿಗೆ ಬೆನ್ನು ಹಾಕಿ ಕೂತು ನಿನ್ನ ಪರ ಹೇಗೆ ಮಾತಾಡಲಿ ನಾನು? ನಗ್ತಾರೆ. ಆ ಕಂಪನಿಯವನು ಯಂತ್ರ ತಂದೇ ತರ್ತಾನೆ. ಹದಿನಾರು ಮನೆ ಕಣೇ. ನಿನ್ನ ಅನ್ನದ ಪ್ರಶ್ನೆ. ಇದೊಂದೇ ಸಲ. ಮೇಲೆ ಮೇಲೆ. ನಾರಿನ ಬ್ರಶ್ಶಲ್ಲೇ. ನನಗೋಸ್ಕರ ಅಂತ ಇಟ್ಟುಕೋ. ನಾನು ನಿನ್ನನ್ನ ಯಾವತ್ತಾದರೂ ಹೀಗೆ ಕೇಳಿದ್ದೀನಾ?”

ಕೇಳಿಲ್ಲ. ಹತ್ತೊಂಬತ್ತು ವರ್ಷದಲ್ಲಿ ನರ್ಸಮ್ಮ ಹೇಳಿದ್ದುಂಟು, ಗದರಿದ್ದುಂಟು, ಪಟ್ಟಿ ಕಟ್ಟಿದ್ದುಂಟು. ಕೇಳಿಕೊಂಡದ್ದು ಇದೇ ಮೊದಲು.

ಗೋಡೆಯಕ್ಕ ಚೊಂಬನ್ನು ಬಕೆಟ್ಟಿನೊಳಗೆ ಇಡುತ್ತಾರೆ. ಟವಲು ಬಿಚ್ಚಿ ಮುಖ ಒರೆಸಿಕೊಂಡು, ಮತ್ತೆ ಬಿಗಿಯಾಗಿ ಕಟ್ಟಿಕೊಳ್ಳುತ್ತಾರೆ. ಕಿಟಕಿಯ ಸರಳಿನ ಆಚೆ ದೊಡ್ಡಕ್ಕನ ಉಸಿರು ಎಳೆದೆಳೆದು ಬರುವುದು ಕೇಳುತ್ತದೆ. ತಂಗಿಯೂ ಕೇಳಿಸಿಕೊಳ್ಳುತ್ತಿದ್ದಾರೆ, ಇವರೂ ಕೇಳಿಸಿಕೊಳ್ಳುತ್ತಿದ್ದಾರೆ.

“ಇಲ್ಲಮ್ಮ” ಎನ್ನುತ್ತಾರೆ ಗೋಡೆಯಕ್ಕ. “ತೊಳೆಯಲ್ಲ.”